ಕೆಂಪು ಚುಕ್ಕೆಯನ್ನು ನಂಬಿ

ನಮ್ಮ ಕಡೆಯಲ್ಲಿ ಅಡಿಕೆ ಕೊಳ್ಳಲು ಬಂದ ವ್ಯಾಪಾರಿಯು ಬರಿಯ ಮಾತಿಗೆ ತೃಪ್ತನಾಗುವವನಲ್ಲ. ಚೀಲದ ಬಾಯಿ ಬಿಚ್ಚಿಸಿ, ತಳದವರೆಗೆ ಕೈಯಿಳಿಸಿ, ನಾಲ್ಕು ಅಡಿಕೆ ಹೆಕ್ಕಿ ತೆಗೆದು, ಅಡಕತ್ತರಿಯಲ್ಲಿ ಸೀಳಿ ಒಳಗನ್ನು ಕಂಡ ಮೇಲೆಯೇ ಧಾರಣೆಯ ಮಾತು. ಪಟೋರ ಯಾವುದು, ಉಳ್ಳಿಗಡ್ಡೆ ಯಾವುದು, ಕರಿಗೋಟು ಯಾವುದು ಎಂಬುದನ್ನು ನಾನು ಅಕ್ಷರ ಕಲಿಯುವುದಕ್ಕೆ ಮೊದಲೇ ತೀರ್ಥರೂಪರ ಮಗ್ಗುಲಲ್ಲಿ ಕುಳಿತು ಕಲಿತವನು. ಮುಂದೆ ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಮಕ್ಕಳಿಂದ ಎಷ್ಟು ಸಲ ವಿಸ್ತರಿಸಿ ಬರೆಯಿಸಿದೆನೋ ಲೆಕ್ಕವಿಲ್ಲ. ಅಂಥವನು ಒಂದು ವಸ್ತುವನ್ನು ಅದರ ಮೇಲಿನ ಹೆಸರು ನೋಡಿ ನಂಬಿದೆ. ಆ ನಂಬಿಕೆಗೆ ಇನ್ನೊಬ್ಬನ ಜೀವ ಬೆಲೆಯಾಗುವುದು ಕೂದಲೆಳೆಯಲ್ಲಿ ತಪ್ಪಿತು. ಹೇಳಿಕೊಳ್ಳಲು ನಾಚಿಕೆಯ ವಿಷಯವೇ ಸರಿ. ಆದರೆ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಕೋವಿಯಿರುವ ಮನೆಗಳು ಕೆಲವಾದರೂ ಇವೆ. ದೂರದ ಊರಿನ ಮಕ್ಕಳು ಅಂಚೆಯ ಪೆಟ್ಟಿಗೆಯಲ್ಲಿ ಕಳುಹಿಸುವ ಉಡುಗೊರೆ ಬಾರದ ಮನೆಯಂತೂ ಇಲ್ಲ. ಆದಕಾರಣ ಬರೆಯುತ್ತಿದ್ದೇನೆ.

ಪಯಸ್ವಿನಿಯ ದಡದಿಂದ ತುಸು ಮೇಲೆ, ಕಾಡು ಇಳಿದು ತೋಟವನ್ನು ಮುಟ್ಟುವಲ್ಲಿ ನಮ್ಮ ಮನೆ. ತಂದೆಯವರ ಕಾಲದ ಒಂಟಿ ನಳಿಗೆಯ ಹನ್ನೆರಡು ಬೋರಿನ ತೋಟೆಕೋವಿಯೊಂದು ಬೆಳೆ ರಕ್ಷಣೆಯ ಲೈಸೆನ್ಸಿನೊಡನೆ ನನ್ನ ಪಾಲಿಗೆ ಬಂದಿದೆ. ಅದರ ಉಪಯೋಗಕ್ಕಿಂತ ಉಪಚಾರವೇ ಹೆಚ್ಚು. ಕಾಲಕಾಲಕ್ಕೆ ಲೈಸೆನ್ಸು ನವೀಕರಿಸಬೇಕು, ಚುನಾವಣೆ ಬಂತೆಂದರೆ ಒಯ್ದು ಠಾಣೆಯಲ್ಲಿ ಒಪ್ಪಿಸಬೇಕು, ತೋಟೆಗಳಿಗೂ ಮಿತಿಯುಂಟು. ಇತ್ತ ಹಂದಿಗಳಿಗೆ ಮಿತಿಯಿಲ್ಲ. ಮರಗೆಣಸಿನ ಏರಿ, ಕೆಸುವಿನ ಪಾತಿ, ಬಾಳೆಯ ಕಂದು, ನೆಟ್ಟು ಎರಡು ವರ್ಷವಾದ ಅಡಿಕೆಯ ಸಸಿ—ಒಂದು ರಾತ್ರಿಯಲ್ಲಿ ಒಂದು ಹಿಂಡು ಉತ್ತು ಹೋದರೆ ಬೆಳಗ್ಗೆ ನೋಡಿದವನಿಗೆ ಅನ್ನ ಇಳಿಯದು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಬೆಳೆ ತಿನ್ನುವ ಕಾಡುಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತುಗಳ ಅಧ್ಯಕ್ಷರಿಗೆ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ತಿನ ತಂತಿ ಇವು ಕೂಡದು. ಲೈಸೆನ್ಸುಳ್ಳ ಕೋವಿಯಿಂದಲೇ ಆಗಬೇಕು. ಹೀಗೆ ಕೋವಿಯುಳ್ಳವರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತು.

ಹೆಸರು ಸೇರಿತೆಂದರೆ ಕಣ್ಣು ಸೇರಬೇಡವೇ? ನನಗೆ ಚಾಳೀಸು ಬಂದು ಬಹಳ ವರ್ಷಗಳಾದುವು. ನಳಿಗೆಯ ತುದಿಯ ಹಿತ್ತಾಳೆಯ ಮಣಿಯನ್ನು ನೋಡಿದರೆ ಗುರಿ ಮಸಕು. ಗುರಿಯನ್ನು ನೋಡಿದರೆ ಮಣಿ ಮಾಯ. "ಕಣ್ಣಿಗೆ ಆಗದಿದ್ದರೆ ಕೋವಿಯನ್ನು ಒಪ್ಪಿಸಿಬಿಡಿ, ಇನ್ನು ಯಾವ ಸಾಹಸಕ್ಕೆ?" ಎಂದು ಮನೆಯಾಕೆ ಹೇಳಿದ್ದಳು. ಬೆಂಗಳೂರಿನಲ್ಲಿರುವ ಮಗನು ಈ ಮಾತನ್ನು ಕೇಳಿಸಿಕೊಂಡಿರಬೇಕು. 2023ರ ದೀಪಾವಳಿಗೆ ಬಂದವನು ಕಪ್ಪು ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟು, "ಅಪ್ಪಾ, ಇನ್ನು ಮಣಿ ನೋಡುವ ಕಷ್ಟ ನಿಮಗಿಲ್ಲ" ಎಂದ.

ಪೆಟ್ಟಿಗೆಯೊಳಗಿದ್ದದ್ದು ಗೇಣಿಗಿಂತ ಚಿಕ್ಕದಾದ ಕೊಳವೆ. ಕಣ್ಣಿಟ್ಟು ನೋಡಿದರೆ ಎದುರಿನ ಗಾಜಿನ ನಡುವೆ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಚುಕ್ಕೆ. ಅಂಗಡಿಯವರು ಇದಕ್ಕೆ 'ರೆಡ್ ಡಾಟ್ ಸೈಟ್' ಎನ್ನುತ್ತಾರಂತೆ. ನಾನು ಗುರಿಕನ್ನಡಿ ಎಂದು ಕರೆದೆ. ಹೊರಮೈಯಲ್ಲಿ ಹೆಸರಾಂತ ವಿದೇಶೀ ಸಂಸ್ಥೆಯೊಂದರ ಹೆಸರು, ಮುದ್ರೆ, ಕ್ರಮಸಂಖ್ಯೆ. ಕೋವಿಗೆ ಕಟ್ಟುವ ಕಬ್ಬಿಣದ ಹಿಡಿಕೆಯೂ ಜೊತೆಗಿತ್ತು. ಫೋನಿನಲ್ಲಿಯೇ ಸಾಮಾನು ಕೊಳ್ಳುವ ದೊಡ್ಡ ಸಂತೆಯೊಂದರಿಂದ 11,500 ರೂಪಾಯಿ ಕೊಟ್ಟು ತರಿಸಿದ್ದನು. ನಿಜವಾದ ಬೆಲೆ ಅದರ ಹಲವು ಪಟ್ಟು. ಹಬ್ಬದ ಸೋಡಿಯೆಂದು ಇಳಿಸಿದ್ದಾರೆ ಎಂದು ವಿವರಿಸಿದ. ಬೆಲೆ ತೀರ ಕಡಿಮೆಯಾಗಿದ್ದರೆ ಅವನಿಗೂ ಸಂಶಯ ಬರುತ್ತಿತ್ತೋ ಏನೋ. ಸಂಶಯ ಬಾರದಷ್ಟು ಹೆಚ್ಚು, ಆಸೆ ಹುಟ್ಟುವಷ್ಟು ಕಡಿಮೆ—ಮೋಸಗಾರನ ಜಾಣತನವೆಲ್ಲ ಆ ನಡುವಿನ ಅಂಕೆಯಲ್ಲಿರುತ್ತದೆಂದು ಈಗ ತಿಳಿದಿದೆ.

ಈ ಉಪಕರಣದ ಮೂಲತತ್ತ್ವ ಹಳೆಯದು. ಡಬ್ಲಿನ್ನಿನಲ್ಲಿ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಸರ್ ಹೊವಾರ್ಡ್ ಗ್ರಬ್ ಎಂಬವರು 1900ರಲ್ಲಿ ಪ್ರತಿಫಲನದಿಂದ ಗುರಿ ತೋರಿಸುವ ಕನ್ನಡಿಯನ್ನು ಕಲ್ಪಿಸಿದರು. ಅದಕ್ಕೆ ವಿದ್ಯುತ್ತಿನ ಪುಟ್ಟ ದೀಪವನ್ನು ಜೋಡಿಸಿ ಬೇಟೆಗಾರರ ಕೈಗೆ ಕೊಟ್ಟದ್ದು ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ, 1975ರಲ್ಲಿ. ಕೊಳವೆಯೊಳಗೆ ಒಂದು ಕಿರುದೀಪ. ಎದುರಿನ ಗಾಜಿನ ಒಳಮೈ ತುಸು ಬಾಗಿದ್ದು, ಕೆಂಪು ಬೆಳಕನ್ನು ಮಾತ್ರ ಹಿಂದಕ್ಕೆ ಕಳುಹಿಸುವ ಲೇಪ ಅದರ ಮೇಲೆ. ಹಿಂದಕ್ಕೆ ಬರುವ ಕಿರಣಗಳು ಸಮಾನಾಂತರವಾಗಿರುವುದರಿಂದ ಚುಕ್ಕೆಯು ದೂರದ ಗುರಿಯ ಮೇಲೆಯೇ ಕುಳಿತಂತೆ ಕಾಣುತ್ತದೆ. ಮುದಿಗಣ್ಣು ಹತ್ತಿರದ ಮಣಿಗೂ ದೂರದ ಗುರಿಗೂ ನಡುವೆ ಒದ್ದಾಡಬೇಕಾಗಿಲ್ಲ. ತಲೆ ಸ್ವಲ್ಪ ಅತ್ತಿತ್ತ ಸರಿದರೂ ಚುಕ್ಕೆ ಗುರಿಯನ್ನು ಬಿಟ್ಟು ಓಡಬಾರದು. ಕೋವಿ ಎಷ್ಟು ಸಲ ಒದ್ದರೂ ಅದರ ಸ್ಥಾನ ಕದಲಬಾರದು. ಬೆಲೆಯೆಲ್ಲ ಇರುವುದು ಈ ಎರಡು 'ಬಾರದು'ಗಳಲ್ಲಿ. ಇವು ಚಿತ್ರದಲ್ಲಿ ಕಾಣುವ ಗುಣಗಳಲ್ಲ.

ಮುರಕಲ್ಲಿನ ಹಳೆಯ ಕೋರೆಯೊಂದರ ಬರೆಗೆ ಗುರಿಯಿಟ್ಟು ಎರಡು ತೋಟೆ ಹಾರಿಸಿ ನೋಡಿದೆ. ಮೂವತ್ತು ಗಜದಲ್ಲಿ ಎರಡೂ ಅಂಗೈಯಗಲದಲ್ಲಿ ಬಿದ್ದವು. ಪುಷ್ಯ ಮಾಸದಲ್ಲಿ ಪಂಚಾಯತಿನ ಅಪ್ಪಣೆಯಂತೆ ಒಂದು ಹಂದಿಯನ್ನು ಹೊಡೆದದ್ದೂ ಆಯಿತು. ನನಗೆ ಮರಳಿ ಯೌವನ ಬಂದಷ್ಟು ಸಂತೋಷ. ಮಗನಿಗೆ ಫೋನು ಮಾಡಿ ಹೊಗಳಿದ್ದೂ ಹೊಗಳಿದ್ದೇ. ಆ ಮೇಲೆ 2024ರ ಲೋಕಸಭಾ ಚುನಾವಣೆ ಬಂತು. ಕನ್ನಡಿಯನ್ನು ಕಳಚಿ ಕಪಾಟಿನಲ್ಲಿಟ್ಟು ಕೋವಿಯನ್ನು ಠಾಣೆಗೆ ಒಪ್ಪಿಸಿದೆ. ಜೂನಿನಲ್ಲಿ ಅದು ಮರಳಿ ಬಂದಾಗ ಮಳೆ ಹಿಡಿದಿತ್ತು. ಕನ್ನಡಿಯನ್ನು ಮತ್ತೆ ಬಿಗಿದೆನೇ ಹೊರತು ಮತ್ತೆ ಗುರಿ ಪರೀಕ್ಷಿಸಲಿಲ್ಲ. ತೋಟೆ ದುಬಾರಿ, ಮಳೆ ಜೋರು, ಮೇಲಾಗಿ ಅಷ್ಟು ದೊಡ್ಡ ಹೆಸರಿನ ವಸ್ತು!

ಆಟಿ ತಿಂಗಳ ಒಂದು ರಾತ್ರಿ. ಕೆಳಗಿನ ತೋಟದ ಮರಗೆಣಸಿಗೆ ಹಂದಿ ಬಂದಿದೆಯೆಂದು ನಮ್ಮಲ್ಲಿ ಇಪ್ಪತ್ತೆಂಟು ವರ್ಷಗಳಿಂದ ದುಡಿಯುತ್ತಿರುವ ಆಳು ಬಂದು ಕರೆದ. ಆಳು ಎಂದು ಬರೆಯುವುದು ರೂಢಿ. ನನ್ನ ಮಕ್ಕಳು ಅವನ ಹೆಗಲ ಮೇಲೆ ಕುಳಿತು ಬೆಳೆದವರು. ಅವನು ಟಾರ್ಚು ಹಿಡಿದು ಬಲಗಡೆಯ ಅಡಿಕೆ ಮರಗಳ ಮರೆಯಲ್ಲಿ, ನನ್ನ ಗುರಿಯ ದಾರಿಯಿಂದ ಸಾಕಷ್ಟು ದೂರದಲ್ಲಿ ನಿಂತ. ಬೆಳಕಿನಲ್ಲಿ ಹಂದಿಯ ಹೆಗಲು ಸ್ಪಷ್ಟವಾಗಿ ಕಂಡಿತು. ಗಾಜಿನೊಳಗೆ ತೆಳುವಾದ ಮಂಜು ಕಟ್ಟಿದ್ದರೂ ಕೆಂಪು ಚುಕ್ಕೆ ಆ ಹೆಗಲ ಮೇಲೆಯೇ ಇತ್ತು. ಗುಂಡು ಹಾರಿಸಿದೆ. ಹಂದಿ ಬಿದ್ದ ಸದ್ದಿಲ್ಲ. ಕಲ್ಲಿಗೆ ಲೋಹ ಬಡಿದ ಸದ್ದು, ಅದರ ಬೆನ್ನಿಗೇ ಏನೋ ಸುಯ್ಯೆಂದು ಹಾರಿದ ಸದ್ದು, ಟಾರ್ಚು ಕೆಳಗೆ ಬಿದ್ದು ಕತ್ತಲೆ.

ಆ ಕತ್ತಲೆಯಲ್ಲಿ ನಾನು ಅವನನ್ನು ಎಷ್ಟು ಸಲ ಕರೆದೆನೋ ತಿಳಿಯದು. ಮಳೆಯ ನಡುವೆ ಉತ್ತರ ಬರಲು ತಡವಾದದ್ದು ಕೆಲವು ಕ್ಷಣಗಳಷ್ಟೇ ಇರಬಹುದು. "ಎಂತ ಆಗಲಿಲ್ಲ ಮಾಷ್ಟ್ರೇ, ಮರಕ್ಕೆ ತಾಗಿದ್ದು" ಎಂಬ ಧ್ವನಿ ಕೇಳಿದಾಗ ನನ್ನ ಕಾಲುಗಳಲ್ಲಿ ಶಕ್ತಿಯಿರಲಿಲ್ಲ. ಗುಂಡು ಹಂದಿಯನ್ನು ತಪ್ಪಿ ಒಂದು ಗೇಣಿಗೂ ಮಿಕ್ಕಿ ಬಲಕ್ಕೆ ಹೋಗಿ, ಅಲ್ಲಿದ್ದ ಕರಿಗಲ್ಲಿಗೆ ಬಡಿದು, ದಿಕ್ಕು ಬದಲಿಸಿ ಅವನು ಒರಗಿ ನಿಂತಿದ್ದ ಅಡಿಕೆ ಮರದ ಸಿಪ್ಪೆಯನ್ನು ಸೀಳಿಕೊಂಡು ಹೋಗಿತ್ತು. ಸೀಳಿದ ಜಾಗ ಅವನ ಕಿವಿಯ ಎತ್ತರದಲ್ಲಿತ್ತು. ಮರುದಿನ ಬೆಳಗ್ಗೆ ಅವನು ಎಂದಿನಂತೆ ಕೆಲಸಕ್ಕೆ ಬಂದ. ಆ ಮರವನ್ನು ನೋಡಲು ನಾನು ಮೂರು ದಿನ ತೋಟಕ್ಕಿಳಿಯಲಿಲ್ಲ.

ನಾಲ್ಕನೆಯ ದಿನ ಮಂಗಳೂರಿಗೆ ಹೋದೆ. ನನ್ನ ಲೈಸೆನ್ಸು ಕೇರಳದೊಳಗಿನದು. ಕೋವಿಯನ್ನು ತಲಪಾಡಿ ದಾಟಿಸುವಂತಿಲ್ಲ. ಕನ್ನಡಿಯನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡೆ. ನ್ಯಾಯವಾದ ಕೋವಿಗೆ ದಾಟಲಾಗದ ಗಡಿಗಳನ್ನು ಆ ಕಳ್ಳ ಕನ್ನಡಿ ಎಷ್ಟು ದಾಟಿ ಬಂದಿತ್ತೋ! ಹಳೆಯ ಕೋವಿಯಂಗಡಿಯ ವೃದ್ಧ ಮಾಲಿಕರು ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದರು. ಅನಂತರ ಮೇಜಿನ ಮೇಲೆ ಎರಡು ಪುಸ್ತಕಗಳ ನಡುವೆ ಅಲುಗದಂತೆ ಇಟ್ಟು, ಬೀದಿಯಾಚೆಯ ಕಟ್ಟಡದ ಕಿಟಕಿಯ ಮೂಲೆಗೆ ಚುಕ್ಕೆಯನ್ನು ಹೊಂದಿಸಿ, "ಈಗ ತಲೆಯನ್ನು ಮಾತ್ರ ಮೆಲ್ಲನೆ ಸರಿಸಿ ನೋಡಿ" ಎಂದರು. ನಾನು ತಲೆ ಸರಿಸಿದೆ. ಚುಕ್ಕೆಯೂ ಹೊರಟಿತು, ಕಿಟಕಿಯನ್ನು ಬಿಟ್ಟು ಗೋಡೆಗೆ, ಗೋಡೆಯನ್ನು ಬಿಟ್ಟು ಪಕ್ಕದ ಮನೆಗೆ. ಬಳಿಕ ಕೊಳವೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಚುಕ್ಕೆ ಬೇರೊಂದು ಕಡೆ ಹೋಗಿ ಕುಳಿತಿತು. ಗುರಿ ತಿದ್ದುವ ತಿರುಪನ್ನು ತಿರುಗಿಸಿದರೆ ಹಲ್ಲು ಕಚ್ಚುವ ಸದ್ದಿಲ್ಲ, ಬೆಣ್ಣೆಯಲ್ಲಿ ಕೈಯಾಡಿಸಿದಂತೆ.

"ಇದು ಆಟದ ಕೋವಿಗೆ ಮಾಡಿದ್ದು ಮಾಷ್ಟ್ರೇ" ಎಂದರು ಅವರು. ಏರ್‌ಸಾಫ್ಟ್ ಎಂಬ ಆಟವೊಂದು ಹೊರದೇಶಗಳಲ್ಲಿ ಉಂಟು. ಪ್ಲಾಸ್ಟಿಕ್ಕಿನ ಕಿರುಗುಂಡು ಹಾರಿಸುವ ಆ ಕೋವಿಗಳು ನೋಡಲು ಸೈನ್ಯದವುಗಳಂತೆಯೇ ಇರಬೇಕೆಂದು ಅವುಗಳಿಗೆ ಹೊಂದುವ ಗುರಿಕನ್ನಡಿಗಳನ್ನೂ ತದ್ರೂಪವಾಗಿ ಮಾಡುತ್ತಾರೆ. ಆ ಆಟದ ಕೋವಿಗೆ ಒದೆತವೆಂಬುದೇ ಇಲ್ಲ; ಆದುದರಿಂದ ಕನ್ನಡಿಯ ಒಳಗಣ ದೀಪವನ್ನು ಅಂಟಿನಿಂದಲೋ ದುರ್ಬಲವಾದ ಸುರುಳಿಯಿಂದಲೋ ನಿಲ್ಲಿಸಿದರೂ ಸಾಕು. ಆಟಿಕೆ ಎಂದು ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ. ಅದೇ ವಸ್ತುವಿನ ಮೇಲೆ ದೊಡ್ಡ ಸಂಸ್ಥೆಯ ಹೆಸರು ಕೊರೆದು, ಅಸಲು ಎಂದು ಮಾರಿದ ಕ್ಷಣದಲ್ಲಿ ಅದು ನಕಲಿಯಾಗುತ್ತದೆ. ಹನ್ನೆರಡು ಬೋರಿನ ಒದೆತಕ್ಕೆ ಅದು ಎರಡು ಸಲ ತಡೆಯಬಹುದು, ಮೂರು ಸಲ ತಡೆಯಬಹುದು. ನನ್ನದು ಮೂರು ಸಲ ತಡೆದು ನನ್ನಲ್ಲಿ ನಂಬಿಕೆ ಹುಟ್ಟಿಸಿ, ನಾಲ್ಕನೆಯದಕ್ಕೆ ಕೈಬಿಟ್ಟಿತು.

ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ಅಮೆರಿಕೆಯ ಸೈನ್ಯದಲ್ಲಿ ಹೆಸರಾದ, 1987ರಲ್ಲಿ ಹೊರಬಂದ ಟ್ರಿಜಿಕಾನ್ ಸಂಸ್ಥೆಯ ಏಕಾಗ್ ಎಂಬ ದುರ್ಬೀನಿನಲ್ಲಿ ರಾತ್ರಿ ಬೆಳಗುವುದಕ್ಕೆ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲವನ್ನು ತುಂಬಿರುತ್ತಾರೆ. ಸುಮಾರು 12 ವರ್ಷಕ್ಕೆ ಅದರ ಸತ್ತ್ವ ಅರ್ಧವಾಗುತ್ತದೆ. ಅಲ್ಲಿಯವರೆಗೆ ಬ್ಯಾಟರಿಯ ಹಂಗಿಲ್ಲ. ಅದರ ನಕಲಿಗಳಲ್ಲಿ ಟ್ರಿಟಿಯಂ ಇರುವುದಿಲ್ಲ. ಮಾಮೂಲು ಬ್ಯಾಟರಿಯ ದೀಪ, ಹೊರಗಡೆ ತೋರಿಕೆಗೊಂದು ಕೆಂಪು ನಾರು. ನಕಲು ಮಾಡುವವನು ಕಣ್ಣಿಗೆ ಬೀಳುವುದನ್ನೆಲ್ಲ ಮಾಡುತ್ತಾನೆ, ಕಾಣದ್ದನ್ನು ಬಿಡುತ್ತಾನೆ. ಕೊನೆಗೆ ಆ ವೃದ್ಧರು ನನ್ನನ್ನೂ ಬಿಡಲಿಲ್ಲ. "ಅಸಲು ವಸ್ತುವಾದರೂ ಕಳಚಿ ಕಟ್ಟಿದ ಮೇಲೆ ಗುರಿ ನೋಡದೆ ಹಾರಿಸಬಾರದು. ಅಷ್ಟು ನಿಮ್ಮದೂ ತಪ್ಪು" ಎಂದರು. ಮೂವತ್ತೊಂದು ವರ್ಷ ಇತರರ ತಪ್ಪು ತಿದ್ದಿದವನು ತಲೆ ತಗ್ಗಿಸಿ ಕೇಳಿದೆ. ಅದು ನ್ಯಾಯವಾಗಿತ್ತು.

ಮಗನಿಗೆ ಹೇಳುವುದೋ ಬಿಡುವುದೋ ಎಂದು ಎರಡು ದಿನ ತೂಗಾಡಿದೆ. ತಂದೆಯ ಕಣ್ಣಿಗೆ ಆಸರೆಯಾಗಲೆಂದು ಪ್ರೀತಿಯಿಂದ ತಂದ ವಸ್ತು. ಹೇಳಿದರೆ ಅವನಿಗೆ ನೋವು. ಹೇಳದಿದ್ದರೆ ನಾಳೆ ಅವನ ಸ್ನೇಹಿತನೊಬ್ಬನು ಅವನ ಮಾತು ನಂಬಿ ಇನ್ನೊಂದನ್ನು ಕೊಂಡಾನು. ಹೇಳಿದೆ. ಬಹಳ ಹೊತ್ತು ಫೋನಿನಲ್ಲಿ ಮಾತೇ ಇರಲಿಲ್ಲ. ಆಮೇಲೆ ಅವನು ಕೇಳಿದ್ದು ಒಂದೇ: "ಅಪ್ಪಾ, ಅವರಿಗೆ ಏನಾದರೂ ಆಗಿದ್ದರೆ?" ಅವನೂ ಆ ಹೆಗಲ ಮೇಲೆ ಕುಳಿತು ಬೆಳೆದವನಲ್ಲವೇ.

ಅವನು ಕ್ರಮಸಂಖ್ಯೆಯ ಛಾಯಾಚಿತ್ರವನ್ನು ಅಸಲು ಸಂಸ್ಥೆಗೆ ಕಳುಹಿಸಿದ. ಈ ಸಂಖ್ಯೆಯ ವಸ್ತು ತಮ್ಮದಲ್ಲವೆಂದು ಉತ್ತರ ಬಂತು. ಸಂತೆಯವರಿಗೆ ದೂರು ಬರೆದ. ಹಿಂದಿರುಗಿಸುವ ಅವಧಿ ಮುಗಿದು ತಿಂಗಳುಗಳೇ ಆಗಿದ್ದುವು. ಆದರೂ ಒತ್ತಾಯಿಸಿದ ಮೇಲೆ, ವಸ್ತುವನ್ನು ಕಳುಹಿಸಿದರೆ ಪೂರ್ತಿ ಹಣ ಕೊಡುವೆವು ಎಂದರು. ಮಗನು ಹಿಗ್ಗಿದ. ನನಗೆ ಆಗ ಒಂದು ಯೋಚನೆ ಹೊಳೆಯಿತು. ಹಿಂದೆ ಹೋದ ಕನ್ನಡಿ ಏನಾಗುತ್ತದೆ? ಮಾರಿದವನ ಕೈಗೆ ಮರಳಿ ಹೋದರೆ ಅವನು ಒರೆಸಿ, ಹೊಸ ಪೆಟ್ಟಿಗೆಯಲ್ಲಿಟ್ಟು, ಇನ್ನೊಬ್ಬನಿಗೆ ಕಳುಹಿಸುವುದಿಲ್ಲವೆಂಬುದಕ್ಕೆ ಏನು ಪ್ರಮಾಣ? ಅಲ್ಲಿಯೂ ಒಬ್ಬನು ಟಾರ್ಚು ಹಿಡಿದು ನಿಂತಿರಬಹುದು. ಅದನ್ನು ನಾಶಮಾಡುವೆವೆಂದು ಬರೆದುಕೊಟ್ಟರೆ ಕಳುಹಿಸುತ್ತೇವೆ ಎಂದು ಬರೆಯಿಸಿದೆ. ಸಹಕಾರಕ್ಕಾಗಿ ವಂದನೆಗಳೆಂಬ ಉತ್ತರ ಎರಡು ಸಲ ಬಂತು. ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾವು ಕಳುಹಿಸಲಿಲ್ಲ. ಹಣವೂ ಬರಲಿಲ್ಲ. ಮಾರಿದವನ ಪುಟವನ್ನು ತೆಗೆದರು. ಕೆಲವೇ ದಿನಗಳಲ್ಲಿ ಅದೇ ಚಿತ್ರ ಬೇರೊಂದು ಮಾರಾಟಗಾರನ ಹೆಸರಿನಲ್ಲಿ ಕಾಣಿಸಿಕೊಂಡಿತೆಂದು ಮಗ ಹೇಳಿದ. "ಹನ್ನೊಂದೂವರೆ ಸಾವಿರ ಹೋದರೆ ಹೋಗಲಿ, ಆ ಮನೆಯ ದೀಪ ಉಳಿಯಿತಲ್ಲ" ಎಂದಳು ಮನೆಯಾಕೆ. ಕೋವಿಯ ವಿಷಯದಲ್ಲಿ ಅವಳ ಮಾತನ್ನು ಮೊದಲೇ ಕೇಳಬೇಕಿತ್ತು.

ವಿದೇಶದ ಅಡಿಕೆಯನ್ನು ನಮ್ಮ ಅಡಿಕೆಯೊಡನೆ ಬೆರೆಸಿ ನಮ್ಮ ಹೆಸರಿನಲ್ಲಿ ಮಾರುತ್ತಾರೆಂದು ನಾವು ಬೆಳೆಗಾರರು ಎಷ್ಟು ಸಭೆಗಳಲ್ಲಿ ಗೋಳಿಟ್ಟಿಲ್ಲ? ಕರ್ನಾಟಕ ಕೇರಳಗಳ ಬೆಳೆಗಾರರು ಕೂಡಿ 1973ರಲ್ಲಿ ಕ್ಯಾಂಪ್ಕೊವನ್ನು ಕಟ್ಟಿಕೊಂಡದ್ದು ಅಡಿಕೆಗೆ ನ್ಯಾಯವಾದ ಮಾರುಕಟ್ಟೆ ಬೇಕೆಂದಲ್ಲವೇ? ಹೆಸರೆಂಬುದು ಬೆಳೆದವನು, ಮಾಡಿದವನು ವರ್ಷಗಟ್ಟಲೆ ಬೆವರಿಳಿಸಿ ಗಳಿಸಿದ ಸೊತ್ತು. ಅದನ್ನು ಕದ್ದವನು ಮೊದಲು ಆ ಕುಶಲಕರ್ಮಿಯ ಮನೆಯನ್ನೂ ಆಮೇಲೆ ನಮ್ಮ ಮನೆಯನ್ನೂ ದೋಚುತ್ತಾನೆ. ಇದು ನನಗೆ ಅಡಿಕೆಯ ವಿಷಯದಲ್ಲಿ ತಿಳಿದಿತ್ತು. ಕನ್ನಡಿಯ ವಿಷಯದಲ್ಲಿ ಹೊಳೆಯಲಿಲ್ಲ.

ಓದುಗರಿಗೆ ಉಪಯೋಗವಾದೀತೆಂದು ಕೆಲವು ಮಾತು. ಕೋವಿಗೆ ಏನನ್ನೇ ಜೋಡಿಸುವ ಮೊದಲು ಲೈಸೆನ್ಸುಳ್ಳ ಕೋವಿಯಂಗಡಿಯವರನ್ನು ಕೇಳಿರಿ. ಕೊಳ್ಳುವುದಾದರೆ ತಯಾರಕರೇ ಅಧಿಕೃತವೆಂದು ಹೇಳುವ ವ್ಯಾಪಾರಿಯಿಂದ ಕೊಳ್ಳಿರಿ. ಫೋನಿನ ಸಂತೆಯಲ್ಲಿ ಸಂತೆಯ ಹೆಸರು ಬೇರೆ, ಮಾರುವವನ ಹೆಸರು ಬೇರೆ, ಎರಡನೆಯದನ್ನು ಓದಿರಿ. ಕ್ರಮಸಂಖ್ಯೆಯನ್ನು ತಯಾರಕರಿಗೆ ಬರೆದು ವಿಚಾರಿಸಿರಿ. ಇದನ್ನು ಬಂದ ದಿನವೇ ಮಾಡಿರಿ, ಎಂಟು ತಿಂಗಳ ಮೇಲಲ್ಲ. ಕನ್ನಡಿಯನ್ನು ಅಲುಗದಂತಿಟ್ಟು ತಲೆ ಸರಿಸಿ ನೋಡುವ ಪರೀಕ್ಷೆಗೆ ಒಂದು ಕಾಸಿನ ಖರ್ಚೂ ಇಲ್ಲ. ಮೋಸವಾದರೆ ರಸೀದಿ, ಪೆಟ್ಟಿಗೆ, ಚಿತ್ರ ಎಲ್ಲವನ್ನೂ ಕಾದಿಡಿರಿ. 2020ರ ಇ-ವಾಣಿಜ್ಯ ನಿಯಮಗಳಂತೆ ಸಂತೆಯ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರು ತಲಪಿದೆಯೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. 1915 ಎಂಬುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮಾರಿದವನು ಯಾವ ಊರಿನವನಾದರೂ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಸುಳ್ಳು ಮುದ್ರೆಯೊತ್ತಿ ಮಾರುವುದು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಲ್ಲಿ ಸೆರೆವಾಸಕ್ಕೆ ಯೋಗ್ಯವಾದ ಅಪರಾಧ.

ಕೋವಿಯನ್ನು ಈಗ ನಾನು ಎತ್ತುವುದಿಲ್ಲ. ಪಟ್ಟಿಯಿಂದ ಹೆಸರು ತೆಗೆಯಲು ಬರೆದುಕೊಟ್ಟಿದ್ದೇನೆ. ಕನ್ನಡಿ ಮಾತ್ರ ಕಪಾಟಿನಲ್ಲಿ ಬಹಳ ದಿನ ಉಳಿದಿತ್ತು. ಪತ್ರವ್ಯವಹಾರವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಕುಳಿತು, ಅದರ ಬ್ಯಾಟರಿ ತೆಗೆದು, ಕೋವಿಗೆ ಕಟ್ಟುವ ಹಿಡಿಕೆಯನ್ನು ಮುರಿದು, ಮೈಮೇಲಿನ ಹೆಸರನ್ನೂ ಮುದ್ರೆಯನ್ನೂ ಸಂಖ್ಯೆಯನ್ನೂ ಅರದಿಂದ ಉಜ್ಜತೊಡಗಿದೆ. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅವನು ಹತ್ತಿರ ಬಂದು ನಿಂತು ಸ್ವಲ್ಪ ಹೊತ್ತು ನೋಡಿದ. "ಬಿಸಾಡುವುದಾದರೆ ಕೊಡಿ ಮಾಷ್ಟ್ರೇ, ಮೊಮ್ಮಗನಿಗೆ ಆಟಕ್ಕಾಯಿತು" ಎಂದ.

ಉಜ್ಜಿ ಮುಗಿಸಿ, ಧೂಳು ಒರೆಸಿ ಅವನ ಕೈಗೆ ಕೊಟ್ಟೆ. ಮರುದಿನ ಸಂಜೆ ಆ ಹುಡುಗನು ತೋಟದ ಬದುವಿನ ಮೇಲೆ ನಿಂತು ಅದನ್ನು ಕಣ್ಣಿಗೆ ಹಿಡಿದು ಗುಡ್ಡವನ್ನು ನೋಡುತ್ತಿದ್ದ. ಏನು ಕಾಣುತ್ತದೆ ಎಂದು ಕೇಳಿದೆ. "ಬರೇ ಗುಡ್ಡ" ಎಂದ.